ತೊಟ್ಟಿಕ್ಕುವ ಜಾಗ ಬೇರೆ, ಸೋರುವ ಜಾಗ ಬೇರೆ

ಗುಂಡ್ಯದಿಂದ ದೋಣಿಗಾಲಿನ ಕಡೆಗೆ ಶಿರಾಡಿ ಘಾಟಿ ಹತ್ತುವ ತುಂಬಿದ ಲಾರಿ ಕೆಳಗಿನ ಗೇರುಗಳಲ್ಲೇ ಬಹಳ ಹೊತ್ತು ತೆವಳುತ್ತದೆ. ಇಂಜಿನ್ನಿನ ಮೇಲೆ ಪೂರ್ತಿ ಭಾರ ಬಿದ್ದಿರುತ್ತದೆ, ಎದುರು ಬೀಸುವ ಗಾಳಿ ಮಾತ್ರ ಕಡಿಮೆ. ಮಂಗಳೂರಿನ ಬಯಲಿನಲ್ಲಿ ಒಂದು ಹನಿಯನ್ನೂ ಚೆಲ್ಲದ ಇಂಜಿನ್ ಇಲ್ಲಿ ಆಯಿಲ್ ಸೋರಲು ತೊಡಗುವುದು ಹೊಸದೇನಲ್ಲ. ಲಾರಿಗಳಿಗೆ ಸಾಮಾನ್ಯವಾಗಿ ಹಾಕುವ 15ಡಬ್ಲ್ಯು-40 ಆಯಿಲ್ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಮಂದವಾಗಿರುತ್ತದೋ, 100 ಡಿಗ್ರಿಯಲ್ಲಿ ಅದಕ್ಕಿಂತ ಏಳೆಂಟು ಪಟ್ಟು ತೆಳ್ಳಗಾಗಿರುತ್ತದೆ. ಕಿರಿದಾದ ಸಂದಿನಲ್ಲಿ ದ್ರವ ಹರಿಯುವ ಪ್ರಮಾಣ ಅದರ ಸ್ನಿಗ್ಧತೆಗೆ ವಿಲೋಮ. ಅಂದರೆ ಒತ್ತಡ ಅಷ್ಟೇ ಇದ್ದು ಸಂದೂ ಅಷ್ಟೇ ಇದ್ದರೆ, ಬಿಸಿ ಆಯಿಲ್ ಏಳೆಂಟು ಪಟ್ಟು ಹೆಚ್ಚು ಹೊರಬರುತ್ತದೆ. ಬೆಳಿಗ್ಗೆ ಗ್ಯಾರೇಜಿನಲ್ಲಿ ತಣ್ಣಗಿದ್ದ ಇಂಜಿನ್ ನೋಡಿ "ಏನೂ ಸೋರುತ್ತಿಲ್ಲ" ಎಂದರೆ ಅದನ್ನು ಕೊನೆಯ ಮಾತಾಗಿ ತೆಗೆದುಕೊಳ್ಳಬಾರದು.

ಡ್ಯಾಶ್‌ಬೋರ್ಡಿನಲ್ಲಿ ಆಯಿಲಿನ ಕೆಂಪು ದೀಪ ಹತ್ತಿದರೆ ಮುಂದಿನ ಢಾಬಾದವರೆಗೆ ಹೋಗೋಣ ಎನ್ನುವಂತಿಲ್ಲ. ಆ ದೀಪ ತೋರಿಸುವುದು ಆಯಿಲಿನ ಮಟ್ಟವನ್ನಲ್ಲ, ಒತ್ತಡವನ್ನು. ಟಾಟಾ ಲಾರಿಗಳಲ್ಲಿ ಬಹುಕಾಲ ಓಡಿದ, ಜಮ್ಶೆಡ್‌ಪುರದಲ್ಲಿ ತಯಾರಾದ 5.9 ಲೀಟರಿನ ಆರು ಸಿಲಿಂಡರ್ ಕಮಿನ್ಸ್ ಇಂಜಿನ್ನನ್ನೇ ನೋಡಿ. ಅದಕ್ಕೆ ಐಡ್ಲಿಂಗ್‌ನಲ್ಲಿ ಕನಿಷ್ಠ ಸುಮಾರು 0.7 ಬಾರ್, ಪೂರ್ಣ ವೇಗದಲ್ಲಿ ಕನಿಷ್ಠ ಸುಮಾರು 2 ಬಾರ್ ಒತ್ತಡ ಇರಲೇಬೇಕು. ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಮತ್ತು ಅದನ್ನು ಹಿಡಿದಿರುವ ಬೇರಿಂಗಿನ ನಡುವೆ ಕೆಲವೇ ಮೈಕ್ರಾನ್ ದಪ್ಪದ ಆಯಿಲಿನ ಪದರ ಇರುತ್ತದೆ. ತಿರುಗುವ ಕ್ರ್ಯಾಂಕ್ ತಾನೇ ಆಯಿಲನ್ನು ಬೆಣೆಯ ಹಾಗೆ ಎಳೆದುಕೊಂಡು ಅದರ ಮೇಲೆ ತೇಲುತ್ತದೆ. ಪಂಪಿನ ಕೆಲಸ ಆ ಬೆಣೆಗೆ ನಿರಂತರ ಆಯಿಲ್ ಒದಗಿಸುವುದು. ಪೂರೈಕೆ ನಿಂತರೆ ಲೋಹಕ್ಕೆ ಲೋಹ ತಾಗಿ ಬೇರಿಂಗ್ ಕರಗಲು ಒಂದು ನಿಮಿಷವೂ ಬೇಕಿಲ್ಲ. ಸುರಕ್ಷಿತ ಜಾಗ ಕಂಡ ಕೂಡಲೇ ನಿಲ್ಲಿಸಿ, ಕೀ ಆಫ್ ಮಾಡಬೇಕು.

ನಿಲ್ಲಿಸಿದ ಮೇಲೆ ಮೊದಲ ಕೆಲಸ ಇಂಜಿನ್ನಿನದ್ದಲ್ಲ. ಹ್ಯಾಂಡ್‌ಬ್ರೇಕ್, ನಾಲ್ಕೂ ಇಂಡಿಕೇಟರ್, ಇಳಿಜಾರಿನ ಕಡೆಯ ಚಕ್ರಗಳಿಗೆ ಮರದ ಬೆಣೆ ಅಥವಾ ಕಲ್ಲು, ಹಿಂದೆ ಕನಿಷ್ಠ 50 ಮೀಟರ್ ದೂರದಲ್ಲಿ ತ್ರಿಕೋನ ಫಲಕ. ತಿರುವಿನ ಆಚೆ ನಿಂತಿದ್ದರೆ ಫಲಕ ತಿರುವಿಗೂ ಮೊದಲೇ ಇರಬೇಕು. ಸೊಪ್ಪಿನ ಕೊಂಬೆ ಮುರಿದು ರಸ್ತೆಯಲ್ಲಿಡುವ ರೂಢಿ ಹಗಲಿಗೆ ಸರಿ. ಕತ್ತಲಾದ ಮೇಲೆ ಎಲೆ ಫಲಕದಂತೆ ಬೆಳಕನ್ನು ಪ್ರತಿಫಲಿಸುವುದಿಲ್ಲ, ಹಿಂದಿನಿಂದ ಬರುವವನಿಗೆ ಸರಿಯಾಗಿ ಕಾಣುವುದಿಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಕರೆ ಮಾಡಿದರೆ ನೆರವು ಸಿಗುತ್ತದೆ.

ಇನ್ನು ಆಯಿಲಿನ ಮಟ್ಟ ಅಳೆಯುವ ಕಡ್ಡಿ ನೋಡುವುದು. ಐದರಿಂದ ಹತ್ತು ನಿಮಿಷ ಬಿಟ್ಟರೆ ಮೇಲಿನ ಆಯಿಲೆಲ್ಲ ಚೇಂಬರಿಗೆ, ಅಂದರೆ ಇಂಜಿನ್ನಿನ ತಳದ ಆಯಿಲ್ ತೊಟ್ಟಿಗೆ, ಇಳಿಯುತ್ತದೆ. ಘಾಟಿಯಲ್ಲಿ ಇನ್ನೊಂದು ತೊಡಕಿದೆ. ಚೇಂಬರ್ ಸುಮಾರು 80 ಸೆಂಟಿಮೀಟರ್ ಉದ್ದವಿದ್ದು, ರಸ್ತೆ ನೂರಕ್ಕೆ ಆರರಷ್ಟು ಏರಿದ್ದರೆ, ಚೇಂಬರಿನ ಒಂದು ತುದಿಗೂ ಇನ್ನೊಂದು ತುದಿಗೂ ಆಯಿಲಿನ ಆಳದಲ್ಲಿ ಸುಮಾರು 5 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಕಡ್ಡಿಯ ಮೇಲಿನ ಎರಡು ಗುರುತುಗಳ ಅಂತರ ಸಾಮಾನ್ಯವಾಗಿ ಅಷ್ಟೂ ಇರುವುದಿಲ್ಲ. ಹಾಗಾಗಿ ಏರಿನಲ್ಲಿ ನಿಂತು ತೆಗೆದ ಅಳತೆಯನ್ನು ನೆಚ್ಚಿ ಎರಡು ಲೀಟರ್ ಸುರಿದುಬಿಟ್ಟರೆ, ಸಮತಟ್ಟಿಗೆ ಬಂದಾಗ ಆಯಿಲ್ ಹೆಚ್ಚಾಗಿ ಕ್ರ್ಯಾಂಕ್ ಅದನ್ನು ಕಡೆಯುತ್ತದೆ, ನೊರೆ ಏಳುತ್ತದೆ. ನೊರೆಯೆಂದರೆ ಗಾಳಿ, ಗಾಳಿ ಬೇರಿಂಗನ್ನು ಕಾಪಾಡುವುದಿಲ್ಲ. ಕಡ್ಡಿಯ ತುದಿಗೂ ಆಯಿಲ್ ಅಂಟದಿದ್ದರೆ ಮಾತ್ರ ಅಲ್ಲೇ ಒಂದು ಲೀಟರ್ ಹಾಕಿ, ಸಮತಟ್ಟಾದಲ್ಲಿ ಮತ್ತೆ ಅಳೆಯುವುದು ಒಳ್ಳೆಯದು. ಈ ಗಾತ್ರದ ಇಂಜಿನ್ನಿನಲ್ಲಿ ಕಡ್ಡಿಯ ಕೆಳಗಿನ ಗುರುತಿನಿಂದ ಮೇಲಿನದಕ್ಕೆ ಸುಮಾರು ಎರಡು ಲೀಟರ್ ಹಿಡಿಯುತ್ತದೆ.

ಕಡ್ಡಿಯ ಆಯಿಲನ್ನು ಬೆರಳಿನಲ್ಲಿ ಉಜ್ಜಿ ಮೂಸಿಯೂ ನೋಡಬೇಕು. ಡೀಸೆಲ್ ವಾಸನೆ ಬಂದು ಮಟ್ಟ ಏರಿದ್ದರೆ ಇಂಜೆಕ್ಟರ್ ಅಥವಾ ಪಂಪಿನ ಸೀಲಿನಿಂದ ಡೀಸೆಲ್ ಒಳಗಿಳಿಯುತ್ತಿದೆ. ಡೀಸೆಲ್ ಬೆರೆತು ತೆಳ್ಳಗಾದ ಆಯಿಲ್ ಒತ್ತಡವನ್ನೂ ಬೀಳಿಸುತ್ತದೆ, ಇದ್ದಬದ್ದ ಸಂದುಗಳಿಂದಲೂ ಸೋರುತ್ತದೆ. ಆಗ ಪ್ಯಾಕಿಂಗ್ ಬದಲಿಸಿ ಪ್ರಯೋಜನವಿಲ್ಲ. ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಿದ್ದರೆ ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಸೇರಿದೆ, ಇಂಜಿನ್ ಚಾಲೂ ಮಾಡಲೇಬಾರದು.

ಕೆಳಗೆ ಬಿದ್ದ ಹನಿ ಯಾವುದರದು ಎಂಬುದೂ ಖಚಿತವಾಗಬೇಕು. ಡೀಸೆಲ್ ಇಂಜಿನ್ನಿನ ಹಳೆಯ ಆಯಿಲ್ ಮಸಿಯಿಂದಾಗಿ ಕಡುಕಪ್ಪು. ಗೇರ್ ಆಯಿಲಿಗೆ ಗಂಧಕದ ಗಾಟು ವಾಸನೆ. ಪವರ್ ಸ್ಟೀರಿಂಗಿನದು ಸಾಮಾನ್ಯವಾಗಿ ಕೆಂಪು. ಬಿಎಸ್-6 (ಹೊಸ ಹೊಗೆ ನಿಯಮದ) ಲಾರಿಗಳಲ್ಲಿ ಹೊಗೆ ಶುದ್ಧಿಗೆ ಬಳಸುವ ಯೂರಿಯಾ ದ್ರಾವಣ ಸೋರಿದರೆ ಒಣಗಿ ಬಿಳಿ ಹರಳಾಗಿ ನಿಲ್ಲುತ್ತದೆ. ಕ್ಲಚ್ ಹೌಸಿಂಗಿನ ಕೆಳಗಿನ ರಂಧ್ರದಿಂದ ಬೀಳುವ ಹನಿಯನ್ನು ಮೂಸಿದರೇ ಸಾಕು, ಇಂಜಿನ್ ಕಡೆ ನೋಡಬೇಕೋ ಗೇರ್‌ಬಾಕ್ಸಿನ ಮುಂದಿನ ಸೀಲ್ ನೋಡಬೇಕೋ ಎಂಬ ಅರ್ಧ ಪ್ರಶ್ನೆ ತೀರುತ್ತದೆ.

ಸೋರಿಕೆಯ ಮೂಲ ಹುಡುಕುವಾಗ ಹೆಚ್ಚಿನವರು ಎಡವುವುದು ಹನಿಯಿಂದ ಶುರುಮಾಡುವುದರಲ್ಲಿ. ಗುರುತ್ವ ಆಯಿಲನ್ನು ಕೆಳಗೆ ಎಳೆಯುತ್ತದೆ, ಫ್ಯಾನಿನ ಗಾಳಿ ಹಿಂದಕ್ಕೆ ತಳ್ಳುತ್ತದೆ. ಇಂಜಿನ್ನಿನ ಮೂಲೆ ಮೂಲೆ ಸುತ್ತಿ ಬಂದ ಆಯಿಲ್ ಕೊನೆಗೆ ಚೇಂಬರಿನ ಹಿಂತುದಿಯಿಂದಲೋ ಫ್ಲೈವೀಲ್ ಹೌಸಿಂಗಿನ ತಳದಿಂದಲೋ ತೊಟ್ಟಿಕ್ಕುತ್ತದೆ. ಹನಿ ಬೀಳುವುದು ಕೊನೆಯ ನಿಲ್ದಾಣ, ಹೊರಟ ಊರಲ್ಲ. ಒದ್ದೆಯಾದ ಜಾಗಗಳಲ್ಲಿ ಅತಿ ಮೇಲಿನದು, ಅತಿ ಮುಂದಿನದು ಯಾವುದು ಎಂದು ಹುಡುಕಬೇಕು. ಟ್ಯಾಪೆಟ್ ಕವರಿನ (ಇಂಜಿನ್ನಿನ ತಲೆಯ ಮೇಲಿನ ಮುಚ್ಚಳದ) ಹಿಂಬದಿಯ ಪ್ಯಾಕಿಂಗ್ ಗಟ್ಟಿಯಾಗಿ ಸೋರಿದ ಆಯಿಲ್ ಬ್ಲಾಕಿನ ಬೆನ್ನ ಮೇಲೆ ಇಳಿದು, ಕ್ರ್ಯಾಂಕಿನ ಹಿಂದಿನ ಸೀಲ್ ಹೋದಂತೆಯೇ ಕಾಣಿಸುತ್ತದೆ. ಹೀಗೆ ಮೋಸಹೋಗಿ ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಎಲ್ಲ ಇಳಿಸಿ ಸೀಲ್ ಬದಲಿಸಿದರೆ ದಿನಗಟ್ಟಲೆ ಕೆಲಸ ದಂಡ, ಸೋರಿಕೆ ಹಾಗೇ ಉಳಿಯುತ್ತದೆ. ಲಾರಿಯ ಮಾಲೀಕನಿಗೆ ಅದು ಸಣ್ಣ ನಷ್ಟವಲ್ಲ.

ಮುಂದಿನ ಪ್ರಶ್ನೆ: ಇಂಜಿನ್ ನಿಂತ ಮೇಲೂ ಸೋರುತ್ತದೆಯೇ? ಫಿಲ್ಟರ್, ಒತ್ತಡದ ಸ್ವಿಚ್, ಟರ್ಬೊಗೆ (ಹೊಗೆಯ ಬಲದಿಂದ ತಿರುಗಿ ಇಂಜಿನ್ನಿಗೆ ಗಾಳಿ ತುಂಬುವ ಸಾಧನಕ್ಕೆ) ಹೋಗುವ ಪೈಪ್, ಆಯಿಲ್ ಕೂಲರ್ ಇವು ಪಂಪಿನ ಒತ್ತಡದ ದಾರಿಯಲ್ಲಿವೆ. ಇಲ್ಲಿ ಸೋರಿಕೆ ಚಿಮ್ಮುತ್ತದೆ, ಇಂಜಿನ್ ನಿಂತ ಕ್ಷಣ ಬಹುತೇಕ ನಿಲ್ಲುತ್ತದೆ. ಚೇಂಬರಿನ ಪ್ಯಾಕಿಂಗ್ ಮತ್ತು ಡ್ರೈನ್ ಪ್ಲಗ್‌ಗೆ ಪಂಪಿನ ಒತ್ತಡ ತಾಗುವುದಿಲ್ಲ. ಅವು ಇರುಳಿಡೀ ತೊಟ್ಟಿಕ್ಕುತ್ತವೆ. ಫಿಲ್ಟರಿನದು ವಿಚಿತ್ರ ನಡತೆ. ತಣ್ಣಗಿನ ಮಂದ ಆಯಿಲಿನಲ್ಲಿ ಒತ್ತಡ ಅತಿ ಹೆಚ್ಚು ಇರುವುದರಿಂದ ಬೆಳಗಿನ ಮೊದಲ ಸ್ಟಾರ್ಟಿಗೇ ಅದು ಚಿಮ್ಮಬಹುದು. ಬಹುತೇಕ ಕಾರಣ ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಬ್ಲಾಕಿಗೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸದು ಕೂತಿರುವುದು. ಉಂಗುರಕ್ಕೆ ಆಯಿಲ್ ಸವರಿ, ತಾಗಿದ ಮೇಲೆ ಮುಕ್ಕಾಲು ಸುತ್ತು ಕೈಯಿಂದ ತಿರುಗಿಸಿದರೆ ಸಾಕು.

ಕಣ್ಣಿಗೆ ಸಿಗದಿದ್ದರೆ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ, ಅನುಮಾನದ ಜಾಗಕ್ಕೆ ಟಾಲ್ಕಂ ಪೌಡರ್ ಉದುರಿಸಿ ಹತ್ತು ಹದಿನೈದು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಬಿಳಿಯ ಮೇಲೆ ಕಪ್ಪು ಗೆರೆಯೊಂದು ಮೇಲಿನಿಂದ ಇಳಿದು ಬರುತ್ತದೆ, ಆ ಗೆರೆಯ ತಲೆಯೇ ಮೂಲ. ವರ್ಕ್‌ಶಾಪಿನಲ್ಲಿ ಆಯಿಲಿಗೆ ಪ್ರತಿದೀಪ್ತಿಯ ಬಣ್ಣ ಬೆರೆಸಿ ಅತಿನೇರಳೆ ಟಾರ್ಚ್ ಬಿಡುತ್ತಾರೆ. ಬಣ್ಣದ ಅಣುಗಳು ಕಣ್ಣಿಗೆ ಕಾಣದ ಕಿರಣವನ್ನು ಹೀರಿ, ಹಳದಿ-ಹಸಿರು ಬೆಳಕಾಗಿ ಹೊರಬಿಡುತ್ತವೆ.

ಪ್ಯಾಕಿಂಗ್ ಬದಲಿಸಿದರೂ ವಾರದಲ್ಲಿ ಮತ್ತೆ ಸೋರಿದರೆ, ಅಥವಾ ಒಟ್ಟಿಗೇ ಮೂರ್ನಾಲ್ಕು ಕಡೆ ಒದ್ದೆಯಾದರೆ ದೋಷ ಪ್ಯಾಕಿಂಗಿನದಲ್ಲ. ಪಿಸ್ಟನ್ ರಿಂಗುಗಳ ಸಂದಿನಿಂದ ಸ್ವಲ್ಪ ಅನಿಲ ಚೇಂಬರಿಗೆ ಇಳಿಯುವುದು ಸಹಜ. ಮೇಸ್ತ್ರಿಗಳು ಇದನ್ನು ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಅದು ಹೊರಹೋಗಲು ಬ್ರೀದರ್ ಪೈಪಿದೆ. ರಿಂಗ್ ಸವೆದು ಅನಿಲ ಹೆಚ್ಚಾದರೆ, ಇಲ್ಲವೇ ಬ್ರೀದರ್ ಮಸಿಯಿಂದ ಮುಚ್ಚಿದರೆ, ಒಳಗಿನ ಒತ್ತಡ ಏರಿ ಬಲಹೀನ ಸೀಲುಗಳಿಂದೆಲ್ಲ ಆಯಿಲನ್ನು ತಳ್ಳುತ್ತದೆ, ಕಡ್ಡಿಯನ್ನೂ ಮೇಲೆತ್ತಬಹುದು. ಪರೀಕ್ಷೆ ಸುಲಭ: ಐಡ್ಲಿಂಗ್‌ನಲ್ಲಿ ಆಯಿಲ್ ಮುಚ್ಚಳವನ್ನು ತಿರುಗಿಸಿ ತೆಗೆದು, ಬೋರಲಾಗಿ ಬಾಯಿಯ ಮೇಲಿಡಿ. ಅದು ಸುಮ್ಮನೆ ಅಲುಗಾಡಿದರೆ ಚಿಂತೆಯಿಲ್ಲ. ಹೊಗೆಯೊಂದಿಗೆ ಹಾರಿಬಿದ್ದರೆ ಮೊದಲು ಬ್ರೀದರ್ ಬಿಚ್ಚಿ ನೋಡಿ, ಅದು ತೆರೆದಿದ್ದರೆ ಅನುಮಾನ ರಿಂಗುಗಳ ಮೇಲೆ. ಸೀಲ್ ಖರೀದಿಸುವ ಮೊದಲು ಈ ಒಂದು ಪರೀಕ್ಷೆ ಮಾಡದ ಮೇಸ್ತ್ರಿಯನ್ನು ನಂಬುವುದು ಕಷ್ಟ.

ಟರ್ಬೊ ಆಯಿಲ್ ಹೊಡೆಯುತ್ತಿದೆ ಎಂಬ ದೂರಿಗೂ ಇದೇ ಮಾತು. ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುವ ಆ ದಂಡಕ್ಕೆ ಉಜ್ಜುವ ರಬ್ಬರ್ ಸೀಲ್ ಹಾಕುವುದು ಅಸಾಧ್ಯ. ಅಲ್ಲಿರುವುದು ಪಿಸ್ಟನ್ ರಿಂಗಿನಂಥ ಸಣ್ಣ ಲೋಹದ ಉಂಗುರ. ಎರಡೂ ತುದಿಯ ಗಾಳಿ ಮತ್ತು ಹೊಗೆಯ ಒತ್ತಡ ಆಯಿಲನ್ನು ಒಳಗೇ ಹಿಡಿದಿಡುತ್ತದೆ, ಕೆಳಗಿನ ದಪ್ಪ ಪೈಪಿನಲ್ಲಿ ಆಯಿಲ್ ಗುರುತ್ವದಿಂದಲೇ ಚೇಂಬರಿಗೆ ಇಳಿಯುತ್ತದೆ. ಆ ಪೈಪ್ ನುಗ್ಗಾಗಿದ್ದರೆ, ಕಿಟ್ಟಗಟ್ಟಿದ್ದರೆ, ಚೇಂಬರಿನ ಒತ್ತಡ ಏರಿದ್ದರೆ ಆಯಿಲ್ ಇಳಿಯದೆ ಎರಡೂ ಬದಿಗೆ ಉಕ್ಕುತ್ತದೆ. ಏರ್ ಫಿಲ್ಟರ್ ಧೂಳಿನಿಂದ ಮುಚ್ಚಿದ್ದರೂ ಕಂಪ್ರೆಸರ್ ಬದಿಯ ಎಳೆತ ಆಯಿಲನ್ನು ಹೀರುತ್ತದೆ. ಈ ಕಾರಣಗಳನ್ನು ಸರಿಪಡಿಸದೆ ಹೊಸ ಟರ್ಬೊ ಹಾಕಿದರೆ ಹೊಸದೂ ಸೋರುತ್ತದೆ. ಘಾಟಿ ಹತ್ತಿದ ಕೂಡಲೇ ಇಂಜಿನ್ ಆಫ್ ಮಾಡಿದರೆ ಟರ್ಬೊದೊಳಗೆ ಉಳಿದ ಆಯಿಲ್ ಆ ಬಿಸಿಗೆ ಸುಟ್ಟು ಇದ್ದಿಲಾಗುತ್ತದೆ. ಮೂರು ನಿಮಿಷ ಐಡ್ಲಿಂಗ್ ಬಿಡಿ ಎನ್ನುವುದು ಅದಕ್ಕೇ. ಕೆಂಪು ದೀಪ ಹತ್ತಿದ್ದಾಗ ಮಾತ್ರ ಈ ನಿಯಮ ಬೇಡ.

ಟರ್ಬೊ ಬಳಿಯ ಸೋರಿಕೆಯಲ್ಲಿ ಎರಡು ಅಪಾಯಗಳಿವೆ. ಎಕ್ಸಾಸ್ಟ್ ಬದಿಯ ಬಿಸಿ ಲೋಹದ ಮೇಲೆ ಆಯಿಲ್ ಚಿಮ್ಮಿದರೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳಬಹುದು. ಕ್ಯಾಬಿನ್ನಿಗೆ ಸುಟ್ಟ ಆಯಿಲಿನ ವಾಸನೆ ಬಂದರೆ ಬೆಂಕಿ ಆರಿಸುವ ಸಿಲಿಂಡರ್ ಕೈಯಲ್ಲಿ ಹಿಡಿದೇ ಕ್ಯಾಬಿನ್ ಎತ್ತಬೇಕು. ಎರಡನೆಯದು, ಗಾಳಿಯೊಡನೆ ಒಳಹೋದ ಆಯಿಲನ್ನೇ ಇಂಧನ ಮಾಡಿಕೊಂಡು ಇಂಜಿನ್ ಹುಚ್ಚಾಪಟ್ಟೆ ಓಡುವುದು. ಕೀ ತೆಗೆದರೂ ಅದು ನಿಲ್ಲುವುದಿಲ್ಲ, ಏಕೆಂದರೆ ಕೀ ನಿಲ್ಲಿಸುವುದು ಡೀಸೆಲನ್ನು ಮಾತ್ರ. ಟಾಪ್ ಗೇರ್ ಹಾಕಿ, ಬ್ರೇಕ್ ಬಲವಾಗಿ ತುಳಿದು, ಕ್ಲಚ್ ಬಿಟ್ಟು ಇಂಜಿನ್ನನ್ನು ಉಸಿರುಗಟ್ಟಿಸಬೇಕು.

ರಸ್ತೆಗೆ ಒಂದು ಹನಿಯೂ ಬೀಳದೆ ಆಯಿಲ್ ಕಡಿಮೆಯಾಗುವುದೂ ಉಂಟು. ಕೂಲರಿನ ತಟ್ಟೆಯಲ್ಲಿ ಬಿರುಕು ಬಿಟ್ಟರೆ, ಓಡುವಾಗ ಆಯಿಲಿನ ಒತ್ತಡ ಕೂಲೆಂಟಿನದ್ದಕ್ಕಿಂತ ಹೆಚ್ಚಿರುವುದರಿಂದ ಆಯಿಲ್ ರೇಡಿಯೇಟರಿಗೆ ಹೋಗುತ್ತದೆ. ನಿಲ್ಲಿಸಿದಾಗ ಆಯಿಲಿನ ಒತ್ತಡ ಸೊನ್ನೆಯಾಗುತ್ತದೆ, ಬಿಸಿ ಕೂಲೆಂಟಿನ ಒತ್ತಡ ಉಳಿದಿರುತ್ತದೆ, ಹರಿವು ತಿರುಗುತ್ತದೆ. ಇಂಜಿನ್ ತಣಿದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು ಕಂದು ಕೆನೆ ಇದೆಯೇ ನೋಡಿ. ಇನ್ನೊಂದು ಗುಟ್ಟಿನ ದಾರಿ ಬ್ರೇಕಿನ ಏರ್ ಕಂಪ್ರೆಸರ್. ಅದರ ರಿಂಗ್ ಸವೆದರೆ ಆಯಿಲ್ ಗಾಳಿಯ ಟ್ಯಾಂಕಿಗೆ ಸೇರುತ್ತದೆ. ಟ್ಯಾಂಕಿನ ಡ್ರೈನ್ ಎಳೆದಾಗ ಕಪ್ಪು ನೀರು ಚಿಮ್ಮಿದರೆ ಆಯಿಲಿಗಿಂತ ಬ್ರೇಕಿನ ಚಿಂತೆ ದೊಡ್ಡದು, ವಾಲ್ವಿನ ರಬ್ಬರುಗಳು ಊದಿಕೊಳ್ಳುತ್ತವೆ.

ರಸ್ತೆಬದಿಯಲ್ಲಿ ಏನು ಮಾಡಬಹುದು? ಡ್ರೈನ್ ಪ್ಲಗ್ಗಿನ ತಾಮ್ರದ ವಾಷರ್ ಸೋರಿದರೆ ಪಾನಾ ಹಾಕಿ ಬಿಗಿದು ತಿರುಪಿನ ದಾರ ಕೆಡಿಸಬೇಡಿ. ಒತ್ತಿ ಒತ್ತಿ ತಾಮ್ರ ಗಟ್ಟಿಯಾಗಿರುತ್ತದೆ. ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಉಕ್ಕು ಹೀಗೆ ಮಾಡಿದರೆ ಗಡುಸಾಗುತ್ತದೆ, ತಾಮ್ರ ಹಾಗಲ್ಲ. ಒತ್ತಡದ ಸ್ವಿಚ್ಚಿನ ತಂತಿಯ ಬಾಯಿಯಿಂದ ಆಯಿಲ್ ಒಸರುತ್ತಿದ್ದರೆ ಅದೇ ದಾರದ ಪ್ಲಗ್ ಹಾಕಿ ಮುಚ್ಚಬಹುದು, ಆಮೇಲೆ ದೀಪ ಎಚ್ಚರಿಸುವುದಿಲ್ಲವೆಂಬುದು ನೆನಪಿರಲಿ. ಚೇಂಬರಿಗೆ ಕಲ್ಲು ಬಡಿದು ಸಣ್ಣ ಬಿರುಕಾದರೆ ಎಂ-ಸೀಲ್ ಹಿಡಿಯುತ್ತದೆ, ಆದರೆ ಆಯಿಲ್ ಪೂರ್ತಿ ಇಳಿಸಿ, ಲೋಹ ಹೊಳೆಯುವಂತೆ ಉಜ್ಜಿ ಒಣಗಿಸಿದರೆ ಮಾತ್ರ. ಸಿಲಿಕೋನ್ ಪೇಸ್ಟನ್ನು ಧಾರಾಳವಾಗಿ ಮೆತ್ತಿದರೆ ಒಳಗೆ ಉಬ್ಬಿದ ಅಂಚು ಹರಿದು ಪಂಪಿನ ಜಾಲರಿಯನ್ನೇ ಮುಚ್ಚುತ್ತದೆ. ಟರ್ಬೊದ ಆಯಿಲ್ ಪೈಪ್ ಒಡೆದರೆ ಅದನ್ನು ಮುಚ್ಚಿ ಓಡಿಸುವ ಸಾಹಸ ಬೇಡ, ಲಾರಿಯನ್ನು ಎಳೆಸುವುದೇ ಅಗ್ಗ.

ಹೊರಡಬಹುದೇ ಎಂಬುದಕ್ಕೆ ಲೆಕ್ಕವಿದೆ. ಆಯಿಲಿನ ಮೇಲ್ಮೈ ಎಳೆತ ನೀರಿನ ಅರ್ಧಕ್ಕಿಂತ ಕಡಿಮೆ, ಆದ್ದರಿಂದ ಹನಿಯೂ ಚಿಕ್ಕದು. ಸುಮಾರು ನಲವತ್ತು ಹನಿಗೆ ಒಂದು ಮಿಲಿಲೀಟರ್. ಸೆಕೆಂಡಿಗೊಂದು ಹನಿಯಾದರೆ ಗಂಟೆಗೆ 90 ಮಿಲಿ, ಹತ್ತು ಗಂಟೆಗೆ ಒಂದು ಲೀಟರಿಗೆ ತುಸು ಕಡಿಮೆ. ಐದು ಲೀಟರಿನ ಕ್ಯಾನ್ ಜೊತೆಗಿದ್ದು, ಒತ್ತಡದ ಮುಳ್ಳು ಸರಿಯಿದ್ದು, ಸೋರಿಕೆ ಎಕ್ಸಾಸ್ಟಿನಿಂದ ದೂರವಿದ್ದರೆ ನಿಧಾನವಾಗಿ ಹಾಸನ ಸೇರಬಹುದು. ಮೊದಲು ಐದು ಕಿಲೋಮೀಟರಿಗೆ, ಆಮೇಲೆ ಇಪ್ಪತ್ತಕ್ಕೊಮ್ಮೆ ಕಡ್ಡಿ ನೋಡುತ್ತ ಹೋಗಬೇಕು. ಹನಿ ಧಾರೆಯಾಗಿದ್ದರೆ ಹೊರಡುವ ಮಾತಿಲ್ಲ. ಬೇರೆ ಕಂಪನಿಯ ಅದೇ ದರ್ಜೆಯ ಆಯಿಲ್ ಬೆರೆಸಿದರೆ ತೊಂದರೆಯಿಲ್ಲ. ಬಿಎಸ್-6 ಇಂಜಿನ್ನಿಗೆ ಮಾತ್ರ ಹೊಗೆಯ ಫಿಲ್ಟರ್ ಬೂದಿಯಿಂದ ಕಟ್ಟದಂತೆ ಸಿಕೆ-4 ಎಂಬ ಕಡಿಮೆ ಬೂದಿಯ ದರ್ಜೆಯದೇ ಬೇಕು.

ಎಷ್ಟು ಕಿಲೋಮೀಟರಿಗೆ ಎಷ್ಟು ಆಯಿಲ್ ಹಾಕಿದಿರಿ, ಸೋರಿಕೆ ಬಿಸಿಯಲ್ಲೋ ತಣ್ಣಗಿದ್ದಾಗಲೋ, ನಿಂತ ಮೇಲೂ ಇತ್ತೋ ಎಂದು ಚೀಟಿಯಲ್ಲಿ ಬರೆದು ಮೇಸ್ತ್ರಿಗೆ ಕೊಡಿ. ಲಾರಿ ಹೊರಡುವ ಮೊದಲು ಚೆಲ್ಲಿದ ಆಯಿಲಿನ ಮೇಲೆ ಮಣ್ಣು ಅಥವಾ ಮರದ ಹೊಟ್ಟು ಹರಡಿ, ಹೀರಿದ ಮೇಲೆ ಚೀಲಕ್ಕೆ ತುಂಬಿಕೊಳ್ಳಿ. ಶಿರಾಡಿಯಲ್ಲಿ ಮಳೆ ಬಂದರೆ ಅದು ಮೊದಲು ಬೈಕಿನ ಚಕ್ರದಡಿಗೆ, ಆಮೇಲೆ ರಸ್ತೆಯ ಪಕ್ಕದ ಕೆಂಪುಹೊಳೆಗೆ ಹೋಗುತ್ತದೆ. ಚಕ್ರಕ್ಕೆ ಕೊಟ್ಟ ಕಲ್ಲುಗಳನ್ನೂ ರಸ್ತೆಯ ಮೇಲೆ ಬಿಡದೆ ಅಂಚಿಗೆ ಎತ್ತಿಡಿ.