‘ಪರಾಶಕ್ತಿ’ (1952): ಒಂದು ಕುಟುಂಬದ ಕಥೆ ರಾಜಕೀಯ ಚಿತ್ರವಾದ ಬಗೆ

ತಮಿಳಿನ ‘ಪರಾಶಕ್ತಿ’ಯನ್ನು ಮೊದಲ ಬಾರಿಗೆ ನೋಡುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತಾರೆ: ಇದರಲ್ಲಿ ಪಕ್ಷವಿಲ್ಲ, ಚುನಾವಣೆಯಿಲ್ಲ, ಶಾಸಕನೂ ಇಲ್ಲ, ಹಾಗಿದ್ದರೆ ಇದು ರಾಜಕೀಯ ಚಿತ್ರ ಹೇಗಾಯಿತು? ಈ ಟಿಪ್ಪಣಿಯನ್ನು ಬರೆದಿರುವುದು ಆ ಪ್ರಶ್ನೆಗಾಗಿ. ನನ್ನ ಉತ್ತರ ಇಷ್ಟು: ತಂಗಿಯ ಕಷ್ಟದ ಕಥೆಯೆಂದು ನಂಬಿಸಿ ನಮ್ಮನ್ನು ಒಳಗೆ ಕರೆದುಕೊಳ್ಳುವ ಈ ಚಿತ್ರ, ಆ ಕಷ್ಟಕ್ಕೆ ಹೊಣೆ ಯಾರು ಎಂಬ ವಿಚಾರಣೆಯನ್ನು ತೆರೆದ ನ್ಯಾಯಾಲಯದಲ್ಲಿ ನಡೆಸುತ್ತದೆ. ವಿಧಿಯ ತಲೆಗೆ ಕಟ್ಟಬಹುದಾಗಿದ್ದ ಒಂದೊಂದು ಸಂಕಟಕ್ಕೂ ಇಲ್ಲಿ ಮನುಷ್ಯರೇ ಕಾರಣರಾಗುತ್ತಾರೆ.

ಹಿನ್ನೆಲೆಯನ್ನು ಚುಟುಕಾಗಿ ನೋಡಿಕೊಳ್ಳೋಣ. ಪಾವಲರ್ ಬಾಲಸುಂದರಂ ಅವರ ನಾಟಕವನ್ನು ಆಧರಿಸಿದ ಈ ಚಿತ್ರವನ್ನು ಪಿ.ಎ. ಪೆರುಮಾಳ್ ಅವರ ನ್ಯಾಷನಲ್ ಪಿಕ್ಚರ್ಸ್ ಎವಿಎಂ ಸ್ಟುಡಿಯೊ ಜೊತೆ ಸೇರಿ ನಿರ್ಮಿಸಿತು. ನಿರ್ದೇಶನ ಕೃಷ್ಣನ್–ಪಂಜು ಜೋಡಿಯದು, ಚಿತ್ರಕಥೆ ಮತ್ತು ಸಂಭಾಷಣೆ ಎಂ. ಕರುಣಾನಿಧಿ ಅವರದು. ರಂಗಭೂಮಿಯಿಂದ ಬಂದ ಶಿವಾಜಿ ಗಣೇಶನ್ ನಾಯಕರಾಗಿ ತೆರೆಗೆ ಬಂದದ್ದು ಇದರಲ್ಲೇ. ಚಿತ್ರ 1952ರ ದೀಪಾವಳಿಗೆ ತೆರೆ ಕಂಡಿತು. ಆ ವರ್ಷದ ಮಹತ್ವವನ್ನು ಮರೆಯಬಾರದು. ಸಿ.ಎನ್. ಅಣ್ಣಾದುರೈ 1949ರಲ್ಲಿ ಕಟ್ಟಿದ ದ್ರಾವಿಡ ಮುನ್ನೇಟ್ರ ಕಳಗಂ (ಡಿಎಂಕೆ), ಅಂದರೆ ಕರುಣಾನಿಧಿ ಅವರ ಪಕ್ಷ, 1952ರ ಚುನಾವಣೆಯಲ್ಲಿ ಸ್ಪರ್ಧಿಸಿರಲಿಲ್ಲ. ಮದ್ರಾಸಿನಲ್ಲಿ ಮುಖ್ಯಮಂತ್ರಿಯಾಗಿದ್ದವರು ರಾಜಾಜಿ. ಶಾಸನಸಭೆಯಲ್ಲಿ ಸ್ಥಾನವಿಲ್ಲದ ಪಕ್ಷಕ್ಕೆ ನಾಟಕದ ವೇದಿಕೆ, ಪತ್ರಿಕೆ ಮತ್ತು ಸಿನಿಮಾಗಳೇ ಸಭೆಗಳಾದವು. ಅಣ್ಣಾದುರೈ ಅವರ ನಾಟಕವನ್ನು ಆಧರಿಸಿದ ‘ವೇಲೈಕ್ಕಾರಿ’ 1949ರಲ್ಲೇ ಈ ದಾರಿಯನ್ನು ತೆರೆದಿತ್ತು.

ಕಥೆ ಎರಡನೆಯ ಮಹಾಯುದ್ಧದ ಕಾಲದ್ದು. ಮೂವರು ಅಣ್ಣಂದಿರು ರಂಗೂನಿನಲ್ಲಿದ್ದಾರೆ, ತಂಗಿ ಕಲ್ಯಾಣಿ ತಂದೆಯೊಂದಿಗೆ ಮದುರೆಯಲ್ಲಿದ್ದಾಳೆ. ಆಕೆಯ ಮದುವೆಗೆ ಹೊರಡಲು ಹಡಗಿನಲ್ಲಿ ಒಬ್ಬನಿಗೆ ಮಾತ್ರ ಜಾಗ ಸಿಗುತ್ತದೆ. ಕಿರಿಯವನಾದ ಗುಣಶೇಖರನ್ ಹೊರಡುತ್ತಾನೆ. ಹಡಗು ತಲುಪುವಷ್ಟರಲ್ಲಿ ಮದುವೆ ಮುಗಿದಿರುತ್ತದೆ. ಮದ್ರಾಸಿನಲ್ಲಿ ಅವನು ಮೋಸಹೋಗಿ ಕೈಯಲ್ಲಿದ್ದ ಹಣವನ್ನೆಲ್ಲ ಕಳೆದುಕೊಳ್ಳುತ್ತಾನೆ. ಅತ್ತ ಕಲ್ಯಾಣಿಗೆ ಮಗು ಹುಟ್ಟಿದ ದಿನವೇ ಗಂಡ ಅಪಘಾತದಲ್ಲಿ ಸಾಯುತ್ತಾನೆ, ತಂದೆಯೂ ತೀರಿಕೊಳ್ಳುತ್ತಾನೆ. ಆಕೆ ಇಡ್ಲಿ ಮಾರಿ ಬದುಕಲು ನೋಡುತ್ತಾಳೆ. ಬರಿಗೈಯಲ್ಲಿ ಬಂದ ಅಣ್ಣ ತಾನು ಯಾರೆಂದು ಹೇಳಿಕೊಳ್ಳಲು ನಾಚಿ, ಹುಚ್ಚನ ವೇಷದಲ್ಲಿ ಅವಳ ಸುತ್ತಮುತ್ತಲೇ ಸುಳಿದಾಡುತ್ತಾನೆ.

ಈ ಹುಚ್ಚನ ವೇಷದ ಮೇಲೆ ಗಮನವಿಡಿ. ಕಥೆಯ ಮಟ್ಟದಲ್ಲಿ ಅದು ಅವನ ಅವಮಾನವನ್ನು ಮುಚ್ಚುವ ಪರದೆ. ಬರಹಗಾರನಿಗಂತೂ ಅದು ದೊಡ್ಡ ಅನುಕೂಲ, ಏಕೆಂದರೆ ಹುಚ್ಚನು ಏನನ್ನು ಬೇಕಾದರೂ ಆಡಬಹುದು. ಬೀದಿಯ ಬಡತನ, ಧರ್ಮದ ಹೆಸರಿನ ವ್ಯಾಪಾರ, ಉಳ್ಳವರ ದರ್ಪ ಎಲ್ಲವೂ ಅವನ ತಮಾಷೆಯ ಮಾತುಗಳಲ್ಲಿ ಹೊರಬೀಳುತ್ತವೆ. ವೇಷ ತೊಡುವ ಮೊದಲೇ ಅದರ ಸೂಚನೆ ಸಿಕ್ಕಿರುತ್ತದೆ: ಹಡಗಿನಿಂದಿಳಿದ ಅವನ ಕಿವಿಗೆ ತಾಯ್ನಾಡಿನಲ್ಲಿ ಮೊದಲು ಬೀಳುವುದು ಭಿಕ್ಷೆ ಬೇಡುವ ದನಿ, ಅದಕ್ಕೆ ಅವನು ಕುಟುಕಿಯೇ ಮಾತಾಡುತ್ತಾನೆ.

ಕಲ್ಯಾಣಿಯ ಮೇಲೆ ಕಣ್ಣು ಹಾಕುವವರ ಸರಣಿಯೂ ಯೋಚಿಸಿ ಹೆಣೆದದ್ದು. ಮೊದಲು ಒಬ್ಬ ಪುಂಡ, ಅನಂತರ ಕಾಳಸಂತೆಯ ಸಿರಿವಂತ, ಕೊನೆಗೆ ದೇವಸ್ಥಾನದ ಪೂಜಾರಿ. ಪುಂಡನಿಂದ ತಪ್ಪಿಸಿಕೊಳ್ಳಬಹುದು, ಆದರೆ ಹಣವಂತನ ಮನೆಯೂ ದೇವರ ಗುಡಿಯೂ ಆಸರೆ ಕೊಡದಿದ್ದರೆ ಆಕೆ ಹೋಗುವುದಾದರೂ ಎಲ್ಲಿಗೆ? ಮಗುವನ್ನು ನದಿಗೆ ಎಸೆದು ತಾನೂ ಸಾಯಲು ಹೊರಟ ಆಕೆ ಬಂಧನಕ್ಕೊಳಗಾಗುತ್ತಾಳೆ. ನ್ಯಾಯಪೀಠದಲ್ಲಿ ಕುಳಿತಿರುವವನು ಹಿರಿಯಣ್ಣ ಚಂದ್ರಶೇಖರನ್. ಕಾಕತಾಳೀಯ ವಿಪರೀತವಾಯಿತೆಂದು ಇಂದಿನ ನೋಡುಗರಿಗೆ ಅನಿಸುವುದು ಸಹಜ. ಆದರೂ ಈ ಕಾಕತಾಳೀಯವೇ ಚಿತ್ರದ ವಾದವನ್ನು ಹೊತ್ತಿದೆ: ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ನ್ಯಾಯಾಧೀಶ, ಒಬ್ಬಳು ಆರೋಪಿ, ಯುದ್ಧದಲ್ಲಿ ಕಾಲು ಕಳೆದುಕೊಂಡ ನಡುವಿನವನು ಜ್ಞಾನಶೇಖರನ್ ಭಿಕ್ಷುಕರ ನಡುವೆ. ಸಮಾಜದ ಏಣಿಶ್ರೇಣಿಯನ್ನು ಒಂದು ಮನೆಯೊಳಗೆ ಅಳವಡಿಸಲಾಗಿದೆ.

ಈಗ ನ್ಯಾಯಾಲಯದ ದೃಶ್ಯಕ್ಕೆ ಬರೋಣ. ಪರೀಕ್ಷೆಗೆ ಓದುವವರು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಪೂಜಾರಿಯ ಮೇಲೆ ಕೈ ಮಾಡಿದ ಆರೋಪ ಗುಣಶೇಖರನ ಮೇಲಿದೆ. ಅವನು ತಪ್ಪನ್ನು ಅಲ್ಲಗಳೆಯುವುದಿಲ್ಲ. ಆರೋಪಗಳನ್ನು ಒಂದೊಂದಾಗಿ ತಾನೇ ಎತ್ತಿಕೊಂಡು ಕಾರಣವನ್ನು ತಿರುಗಿಸುತ್ತಾನೆ: ಗುಡಿಯಲ್ಲಿ ಗಲಭೆ ಮಾಡಿದ್ದು ಗುಡಿಯೇ ಬೇಡವೆಂದಲ್ಲ, ಅದು ಕೇಡಿಗರ ಬೀಡಾಗಬಾರದೆಂದು; ಪೂಜಾರಿಯನ್ನು ಹೊಡೆದದ್ದು ಅವನು ಭಕ್ತನೆಂದಲ್ಲ, ಭಕ್ತಿ ಹಗಲುವೇಷವಾಯಿತೆಂದು. ‘ಅದಕ್ಕಲ್ಲ, ಇದಕ್ಕೆ’ ಎಂಬ ಈ ಕಟ್ಟು ಕೇಳುಗನನ್ನು ಹೆಜ್ಜೆಹೆಜ್ಜೆಗೂ ಒಪ್ಪಿಸುತ್ತ ಹೋಗುತ್ತದೆ. ದೇವರ ಅಸ್ತಿತ್ವದ ಚರ್ಚೆ ಬದಿಗೆ ಸರಿದು, ದೇವರ ಹೆಸರಿನಲ್ಲಿ ನಡೆಯುವ ಅನ್ಯಾಯ ಮುಂದೆ ಬರುತ್ತದೆ. ಆಸ್ತಿಕನಾದ ಪ್ರೇಕ್ಷಕನೂ ಎದ್ದು ಹೋಗದಂತೆ ಹಿಡಿದಿಟ್ಟದ್ದು ಈ ಜಾಣ್ಮೆ.

ಅಷ್ಟೇ ಮುಖ್ಯವಾದದ್ದು ಮಾತಿನ ಲಯ. ಅಕ್ಷರಪ್ರಾಸದಲ್ಲಿ ಪದಗಳನ್ನು ಪೇರಿಸುತ್ತ ಹೋಗುವ ಈ ಶೈಲಿಯನ್ನು ತಮಿಳರು ‘ಅಡುಕ್ಕುಮೊಳಿ’ ಎನ್ನುತ್ತಾರೆ. ತಂಗಿ ಓಡಿದಳು, ಓಡಿದಳು, ಬದುಕಿನ ಅಂಚಿಗೇ ಓಡಿದಳು ಎಂಬ ಭಾಗವನ್ನು ಮೂಲದಲ್ಲೇ ಕೇಳಿ. ಅರ್ಥ ಪೂರ್ತಿ ತಿಳಿಯದಿದ್ದರೂ ಕನ್ನಡದ ಕಿವಿಗೆ ಅದರ ನಡೆ ದಕ್ಕುತ್ತದೆ. ಉಪಶೀರ್ಷಿಕೆ ಓದಿ ಮುಗಿಸಿದರೆ ಚಿತ್ರದ ಅರ್ಧ ಶಕ್ತಿ ಕೈತಪ್ಪುತ್ತದೆ. ಈ ಸಂಭಾಷಣೆಗಳು ಧ್ವನಿಮುದ್ರಿಕೆಗಳಾಗಿ, ಪುಸ್ತಿಕೆಗಳಾಗಿ ಹರಡಿದವು. ಜನ ಅವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ನಟನಾಗಲು ಬಂದವರು ನ್ಯಾಯಾಲಯದ ಭಾಷಣವನ್ನು ಹೇಳಿ ತೋರಿಸುವುದು ಮುಂದೆ ಒಂದು ರೂಢಿಯೇ ಆಯಿತು. ಚಿತ್ರವನ್ನು ನಿಷೇಧಿಸಬೇಕೆಂಬ ಕೂಗೂ ಎದ್ದಿತು, ಆದರೆ ಪ್ರದರ್ಶನ ನಿಲ್ಲಲಿಲ್ಲ.

ಪಕ್ಷದ ಗುರುತುಗಳು ಇಲ್ಲವೇ ಇಲ್ಲ ಎನ್ನಲಾಗದು. ಆರಂಭದಲ್ಲಿ ಪಕ್ಷದ ಕನಸಾಗಿದ್ದ ದ್ರಾವಿಡ ನಾಡನ್ನು ಹೊಗಳುವ, ಕವಿ ಭಾರತಿದಾಸನ್ ಅವರ ಗೀತೆಯಿದೆ. ‘ಕಾ ಕಾ ಕಾ’ ಎಂಬ ಕಾಗೆಯ ಹಾಡು ಹಂಚಿ ತಿನ್ನುವ ಪಾಠವನ್ನು ಹೇಳುತ್ತದೆ. ಇವುಗಳನ್ನು ಪಟ್ಟಿ ಮಾಡುವುದು ಸುಲಭ; ಆದರೆ ಉತ್ತರ ಬರೆಯುವಾಗ ಅಷ್ಟಕ್ಕೇ ನಿಲ್ಲಬೇಡಿ, ಕಥೆಯ ಕಟ್ಟಡವೇ ಹೇಗೆ ವಾದವಾಗಿದೆ ಎಂಬುದನ್ನು ತೋರಿಸಿ.

ಒಂದು ಆಕ್ಷೇಪವನ್ನೂ ನೀವು ಎತ್ತಬೇಕು. ಹೆಂಗಸಿನ ನೋವನ್ನೇ ನೆಲೆಯಾಗಿಟ್ಟುಕೊಂಡ ಈ ಚಿತ್ರದಲ್ಲಿ ಕಲ್ಯಾಣಿ ತನ್ನ ಪಾಡನ್ನು ಹೇಳಿಕೊಳ್ಳುತ್ತಾಳೆ, ಅದರಿಂದ ವಾದ ಕಟ್ಟುವವನು ಅಣ್ಣ. ಇದು ಚಿತ್ರದ ನಿಜವಾದ ಮಿತಿಯೆಂದೇ ನನ್ನ ಎಣಿಕೆ. ಅದನ್ನು ಸ್ವಲ್ಪವಾದರೂ ಸರಿದೂಗಿಸುವವಳು ವಿಮಲಾ ಎಂಬ ಯುವತಿ. ತನ್ನ ತಂಗಿಯೊಬ್ಬಳ ಚಿಂತೆಯಲ್ಲೇ ಮುಳುಗಿದ ಗುಣಶೇಖರನಿಗೆ, ಅಂಥ ತಂಗಿಯರು ನಾಡಿನಲ್ಲಿ ಎಷ್ಟೋ ಮಂದಿ ಇದ್ದಾರೆಂದು ಎದುರು ನಿಂತು ಹೇಳುವವಳು ಅವಳು. ಕಲ್ಯಾಣಿ ಎಸೆದ ಮಗುವನ್ನು ಉಳಿಸಿದವಳೂ ಅವಳೇ. ಆ ಪಾತ್ರವನ್ನು ಮಾಡಿದವರು ನಮ್ಮ ಭಟ್ಕಳದ ಪಂಡರಿಬಾಯಿ. ಎರಡೇ ವರ್ಷಗಳ ಬಳಿಕ, 1954ರಲ್ಲಿ, ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರಿಗೆ ನಾಯಕಿಯಾದವರೂ ಅವರೇ. ಗುಣಶೇಖರನ ಸಿಟ್ಟು ಸ್ವಂತ ಸೇಡಿನಿಂದ ಸಮಾಜದ ಪ್ರಶ್ನೆಯಾಗಿ ಹೊರಳುವುದು ಯಾವಾಗ ಎಂದು ಕೇಳಿದರೆ, ನ್ಯಾಯಾಲಯಕ್ಕಿಂತ ಮೊದಲಿನ ವಿಮಲಾಳ ಈ ಮಾತುಗಳನ್ನು ಉದಾಹರಿಸಿ.