ಪಿಕಪ್‌ನ ಹಿಂದಿನ ದೀಪ ಉರಿಯುತ್ತಿದ್ದರೂ ಹಿಂದಿನವರಿಗೆ ಕಾಣುವುದಿಲ್ಲವೇಕೆ?

ಓದುಗರ ಪ್ರಶ್ನೆ: “ನನ್ನ ಪಿಕಪ್ ಹೊಸದು, ಹಿಂಬದಿಯಲ್ಲಿ ಎಲ್‌ಇಡಿ ದೀಪಗಳಿವೆ, ಎಲ್ಲವೂ ಉರಿಯುತ್ತವೆ. ಆದರೂ ಹಿಂದೆ ಬರುತ್ತಿದ್ದ ಚಾಲಕರು ಎರಡು ಸಲ, ‘ನೀವು ಬ್ರೇಕ್ ಹಾಕಿದ್ದು ಗೊತ್ತೇ ಆಗಲಿಲ್ಲ’ ಎಂದು ಹೇಳಿದ್ದಾರೆ. ಇನ್ನೂ ಪ್ರಖರವಾದ ದೀಪ ಹಾಕಿಸಿದರೆ ಸಾಕೇ?”

ಉತ್ತರ: ಸಾಲದು. ಕೆಲವು ವಾಹನಗಳಲ್ಲಿ ಅದರಿಂದ ತೊಂದರೆ ಹೆಚ್ಚುವುದೂ ಉಂಟು. ಹಿಂದಿನ ಚಾಲಕರ ಕಣ್ಣು ಹುಡುಕುವುದು ಬೆಳಕನ್ನಲ್ಲ, ಬೆಳಕಿನಲ್ಲಾಗುವ ಬದಲಾವಣೆಯನ್ನು. ರಾತ್ರಿಯಿಡೀ ಉರಿಯುವ ಟೇಲ್ ಲೈಟ್ “ಇಲ್ಲೊಂದು ವಾಹನವಿದೆ” ಎಂದು ಹೇಳುತ್ತದೆ. ಬ್ರೇಕ್ ಒತ್ತಿದಾಗ ಅದೇ ಜಾಗದಲ್ಲಿ ಬೆಳಕು ಥಟ್ಟನೆ ಏರಿದರೆ ಮಾತ್ರ “ಈ ವಾಹನ ನಿಧಾನವಾಗುತ್ತಿದೆ” ಎಂಬ ಸಂದೇಶ ಮುಟ್ಟುತ್ತದೆ. ಅಮೆರಿಕದ ವಾಹನ ದೀಪಗಳ ನಿಯಮವಾದ ಎಫ್‌ಎಂವಿಎಸ್‌ಎಸ್ 108, ಒಂದೇ ವಿಭಾಗವಿರುವ ಟೇಲ್ ಲೈಟಿಗೆ ಕನಿಷ್ಠ 2, ಗರಿಷ್ಠ 18 ಕ್ಯಾಂಡೆಲಾ ಪ್ರಖರತೆಯನ್ನೂ ಬ್ರೇಕ್ ಲೈಟಿಗೆ ಕನಿಷ್ಠ 80, ಗರಿಷ್ಠ 300 ಕ್ಯಾಂಡೆಲಾ ಪ್ರಖರತೆಯನ್ನೂ ಗೊತ್ತುಪಡಿಸಿದೆ. ಎರಡೂ ಒಂದೇ ದೀಪದೊಳಗಿದ್ದರೆ, ನೇರ ಹಿಂದಿನಿಂದ ನೋಡಿದಾಗ ಬ್ರೇಕ್ ಬೆಳಕು ಟೇಲ್ ಬೆಳಕಿನ ಐದು ಪಟ್ಟಾದರೂ ಇರಬೇಕೆಂದು ಅದೇ ನಿಯಮ ಹೇಳುತ್ತದೆ. ಈ ಐದು ಪಟ್ಟಿನ ಅಂತರವೇ ನಿಮ್ಮ ಪ್ರಶ್ನೆಯ ಹೃದಯ. ಹೊರಗಿನಿಂದ ಕೊಂಡ ಅತಿ ಪ್ರಖರ ದೀಪದಲ್ಲಿ ಟೇಲ್ ಲೈಟೇ ಬ್ರೇಕ್ ಲೈಟಿನಷ್ಟು ಉರಿಯುತ್ತಿದ್ದರೆ, ನೀವು ಪೆಡಲ್ ಒತ್ತಿದಾಗ ಹಿಂದಿನವರಿಗೆ ಹೊಸದೇನೂ ಕಾಣುವುದಿಲ್ಲ. ಅವರ ಕಣ್ಣು ಕುಕ್ಕುತ್ತದೆ, ಸುದ್ದಿ ಮಾತ್ರ ತಲುಪುವುದಿಲ್ಲ.

ಎಲ್‌ಇಡಿಯಿಂದ ಲಾಭವಿಲ್ಲವೆಂದು ಇದರ ಅರ್ಥವಲ್ಲ. ಹಳೆಯ ತಂತಿ ಬಲ್ಬು ಕಾದು ಪೂರ್ಣ ಬೆಳಕಿಗೆ ಬರಲು ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಹಿಡಿಯುತ್ತದೆ. ಎಲ್‌ಇಡಿ ಒತ್ತಿದೊಡನೆ ಹೊತ್ತಿಕೊಳ್ಳುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಅಷ್ಟು ಹೊತ್ತಿನಲ್ಲಿ ಐದೂವರೆ ಮೀಟರ್, ಅಂದರೆ ಒಂದು ಕಾರಿನ ಉದ್ದಕ್ಕಿಂತ ಹೆಚ್ಚು ದೂರ ಸಾಗಿರುತ್ತದೆ. ಆದರೆ ಈ ಲಾಭ ಎಲ್‌ಇಡಿಗೆಂದೇ ತಯಾರಾದ ದೀಪದಲ್ಲಿ ಖಚಿತವಾಗಿ ಸಿಗುತ್ತದೆಯೇ ಹೊರತು, ತಂತಿ ಬಲ್ಬಿಗೆಂದು ಮಾಡಿದ ಡೂಮಿನೊಳಗೆ ಎಲ್‌ಇಡಿ ಬಲ್ಬು ತೂರಿಸಿದಾಗ ಅಲ್ಲ. ಆ ಡೂಮಿನ ಒಳಗನ್ನಡಿಯ ಬಾಗು ತಂತಿ ಉರಿಯುವ ಒಂದು ನಿರ್ದಿಷ್ಟ ಬಿಂದುವನ್ನು ಆಧರಿಸಿ ರೂಪುಗೊಂಡಿರುತ್ತದೆ. ಬೆಳಕಿನ ಮೂಲ ಅಲ್ಲಿಂದ ಸ್ವಲ್ಪ ಸರಿದರೂ ಒಂದು ಕೋನದಿಂದ ಝಗಝಗಿಸುವ ದೀಪ ಇನ್ನೊಂದು ಕೋನದಿಂದ ಮಂಕಾಗುತ್ತದೆ, ಮತ್ತು ಪಕ್ಕದ ಲೇನಿನಿಂದ ನೋಡುವವರಿಗೆ ಸಿಗುವುದು ಆ ಮಂಕು ಕೋನವೇ ಆಗಿರಬಹುದು.

ಇನ್ನು ಪಿಕಪ್‌ಗೇ ಸೇರಿದ ತೊಡಕುಗಳನ್ನು ನೋಡಬೇಕು, ಏಕೆಂದರೆ ಕಾರಿನ ಹಿಂಬದಿ ಸದಾ ಒಂದೇ ರೂಪದಲ್ಲಿರುತ್ತದೆ, ಪಿಕಪ್‌ನದು ಕೆಲಸಕ್ಕೆ ತಕ್ಕಂತೆ ದಿನಕ್ಕೊಂದು ರೂಪ ತಾಳುತ್ತದೆ. ಸರಕು ತುಂಬುವ ತೊಟ್ಟಿಯ ಹಿಂದೆ ಬಾಗಿಲಿನಂಥ ಟೇಲ್‌ಗೇಟ್ ಇರುವುದರಿಂದ, ಮುಖ್ಯ ದೀಪಗಳನ್ನು ಅದರ ಎರಡು ಪಕ್ಕದ ಮೂಲೆಗಂಬಗಳಲ್ಲಿ, ಕಿರಿದಾಗಿ ಮತ್ತು ಉದ್ದುದ್ದವಾಗಿ ಕೂರಿಸಲಾಗುತ್ತದೆ. ಗೇಟ್ ಇಳಿಸಿದರೂ ಅವು ಜಾಗ ಬಿಡುವುದಿಲ್ಲ. ಇದು ಒಳ್ಳೆಯ ವಿನ್ಯಾಸ. ಆದರೆ ಗೇಟ್ ಇಳಿಸಿಕೊಂಡೇ ಉದ್ದನೆಯ ಸರಕು ಸಾಗಿಸುವಾಗ ಏನಾಗುತ್ತದೆಂದು ಹಿಂದೆ ಹೋಗಿ ನಿಂತು ನೋಡಿ. ಗೇಟ್ ದೀಪಗಳಿಗಿಂತ ಸುಮಾರು ಅರ್ಧ ಮೀಟರ್ ಹಿಂದಕ್ಕೆ ಚಾಚಿರುತ್ತದೆ, ಅದರ ತುದಿಯಲ್ಲಿ ಬೆಳಕಿಲ್ಲ. ಹಿಂದಿನ ಚಾಲಕರು ದೀಪ ಇರುವಲ್ಲಿ ವಾಹನ ಮುಗಿಯಿತೆಂದು ಲೆಕ್ಕ ಹಾಕುತ್ತಾರೆ; ನಿಜವಾಗಿ ಅದು ಅವರಿಗೆ ಇನ್ನೂ ಹತ್ತಿರ ಬಂದು ಮುಗಿಯುತ್ತದೆ. ಬಂಪರಿನ ನಂಬರ್ ಪ್ಲೇಟ್ ಗೇಟಿನ ನೆರಳಿಗೆ ಬೀಳುತ್ತದೆ. ಹಿಡಿಕೆಯಲ್ಲಿರುವ ರಿವರ್ಸ್ ಕ್ಯಾಮೆರಾ ನೆಲ ನೋಡುತ್ತದೆ. ಈಚಿನ ಕೆಲವು ಮಾದರಿಗಳಲ್ಲಿ ಗೇಟಿನ ಅಗಲಕ್ಕೂ ಹಬ್ಬಿರುವ ಚೆಂದದ ಕೆಂಪು ಬೆಳಕಿನ ಪಟ್ಟಿಯೂ ಆಗ ರಸ್ತೆಯನ್ನಷ್ಟೇ ಬೆಳಗುತ್ತದೆ. ಸರಕು ಹಿಂದಕ್ಕೆ ಚಾಚಿದ್ದರೆ ಅದರ ತುದಿಗೆ ಹಗಲಲ್ಲಿ ಕೆಂಪು ಬಾವುಟ, ಕತ್ತಲಲ್ಲಿ ಕೆಂಪು ದೀಪ ಕಟ್ಟುವುದು ಹಳೆಯ ಪದ್ಧತಿಯಾದರೂ ಇಂದಿಗೂ ಅದಕ್ಕೆ ಬದಲಿಯಿಲ್ಲ. ಅಮೆರಿಕದಲ್ಲಿ ವಾಣಿಜ್ಯ ವಾಹನಗಳ ಸರಕು ನಾಲ್ಕು ಅಡಿಗಿಂತ ಹೆಚ್ಚು ಹಿಂದಕ್ಕೆ ಚಾಚಿದರೆ ಇದು ಕಡ್ಡಾಯ. ಎರಡಡಿ ಚಾಚಿದ್ದರೂ ಕಟ್ಟಬೇಕೆಂದೇ ನನ್ನ ಅಭಿಪ್ರಾಯ.

ಮೂರನೆಯ ಬ್ರೇಕ್ ಲೈಟಿನ ಕತೆ ಬೇರೆ. ಕ್ಯಾಬಿನ್ನಿನ ಮಾಡಿನ ಹಿಂಭಾಗದಲ್ಲಿ ಎತ್ತರದಲ್ಲಿರುವ ಈ ದೀಪವನ್ನು ಅಮೆರಿಕ ಕಾರುಗಳಿಗೆ 1986ರ ಮಾದರಿಗಳಿಂದಲೂ ಪಿಕಪ್‌ನಂಥ ಲಘು ಟ್ರಕ್‌ಗಳಿಗೆ 1994ರ ಮಾದರಿಗಳಿಂದಲೂ ಕಡ್ಡಾಯಗೊಳಿಸಿತು. ಅದು ಹಿಂದಿನಿಂದ ಬಂದು ಗುದ್ದುವ ಅಪಘಾತಗಳನ್ನು ದೀರ್ಘಾವಧಿಯಲ್ಲಿ ಶೇಕಡಾ 4.3ರಷ್ಟು ತಗ್ಗಿಸುತ್ತದೆಂದು ಅಲ್ಲಿನ ಹೆದ್ದಾರಿ ಸುರಕ್ಷತಾ ಆಡಳಿತ 1998ರಲ್ಲಿ ಲೆಕ್ಕ ಹಾಕಿತು. ಸಂಖ್ಯೆ ಸಣ್ಣದಾಗಿ ಕಾಣಬಹುದು, ಆದರೆ ಒಂದು ಪುಟ್ಟ ದೀಪ ಅಷ್ಟು ಜನರನ್ನು ಕಾಯುವುದು ಸಣ್ಣ ಮಾತಲ್ಲ. ಈ ದೀಪದ ಗುಣ ಅದರ ಏಕನಿಷ್ಠೆಯಲ್ಲಿದೆ: ಟೇಲ್ ಲೈಟಾಗಿಯೋ ಇಂಡಿಕೇಟರ್ ಆಗಿಯೋ ಅದು ಕೆಲಸ ಮಾಡುವುದಿಲ್ಲ, ಆದ್ದರಿಂದ ಹೊತ್ತಿಕೊಂಡರೆ ಸಂಶಯಕ್ಕೆ ಎಡೆಯಿಲ್ಲ. ಪಿಕಪ್‌ನಲ್ಲಿ ಅದು ತೊಟ್ಟಿಗಿಂತ ಮುಂದೆ ಇರುವುದರಿಂದ, ಕ್ಯಾಬಿನ್ನಿಗಿಂತ ಎತ್ತರವಾಗಿ ಪೇರಿಸಿದ ಸರಕು ಅದನ್ನು ಪೂರ್ತಿ ಮರೆಮಾಡುತ್ತದೆ. ತೊಟ್ಟಿಯ ಮೇಲೆ ಅದನ್ನು ಮುಚ್ಚುವ ಗೂಡು (ಕ್ಯಾನಪಿ) ಕೂರಿಸಿದ್ದರೆ, ಆ ಗೂಡಿನ ಹಿಂಬದಿಯಲ್ಲೂ ಮೂರನೆಯ ದೀಪವಿದ್ದು ಅದಕ್ಕೆ ತಂತಿ ಎಳೆದಿದೆಯೇ ಎಂದು ನೋಡಿಕೊಳ್ಳಿ.

ಕೆಸರಿನ ದಾರಿಯಲ್ಲಿ ದಿನವಿಡೀ ಓಡಿದ ಒಂದು ಪಿಕಪ್‌ನ ಹಿಂದೆ ನಾನು ಮುಸ್ಸಂಜೆಯಲ್ಲಿ ನಿಂತು ನೋಡಿದ್ದೆ. ದೀಪ ಉರಿಯುತ್ತಿತ್ತು, ಆದರೆ ಅದರ ಬಣ್ಣ ಇಟ್ಟಿಗೆ ಪುಡಿಯಂತೆ ಕಂದಿತ್ತು. ಬೆರಳಿನಿಂದ ಗಾಜಿನ ಮೇಲೆ ಒಂದು ಗೆರೆ ಎಳೆದಾಗ, ಆ ಗೆರೆಯುದ್ದಕ್ಕೂ ಚೊಕ್ಕ ಕೆಂಪು ಬೆಳಕು ಹೊರಬಿತ್ತು. ಗೆರೆಯ ಎರಡು ಕಡೆಯೂ ಹಾಗೇ ಮಂಕು. ಚಾಲಕರ ತಪ್ಪು ಅಲ್ಲಿ ಏನೂ ಇರಲಿಲ್ಲ, ಏಕೆಂದರೆ ಹಿಂಬದಿ ನೆಟ್ಟಗಿರುವ ವಾಹನ ವೇಗವಾಗಿ ಸಾಗುವಾಗ ಅದರ ಬೆನ್ನ ಹಿಂದೆ ಗಾಳಿ ಸುಳಿ ಸುತ್ತಿ, ಚಕ್ರಗಳು ಎಬ್ಬಿಸಿದ ಧೂಳು ಮತ್ತು ನೀರ ಹನಿಗಳನ್ನು ಎಳೆದು ತಂದು ದೀಪಕ್ಕೇ ಬಳಿಯುತ್ತದೆ. ಹಿಮ ಬೀಳುವ ನಾಡುಗಳಲ್ಲಿ ಇನ್ನೊಂದು ಕಷ್ಟವಿದೆ: ತಂತಿ ಬಲ್ಬಿನ ಬಿಸಿಗೆ ಕರಗುತ್ತಿದ್ದ ಹಿಮ ತಣ್ಣಗಿರುವ ಎಲ್‌ಇಡಿ ದೀಪದ ಮೇಲೆ ಹೆಪ್ಪಾಗಿ ಕೂರುತ್ತದೆ. ಇಂಥ ದೀಪಕ್ಕೆ ಬೇಕಾದದ್ದು ಹೆಚ್ಚಿನ ವ್ಯಾಟ್ ಅಲ್ಲ, ಒಂದು ಒದ್ದೆ ಬಟ್ಟೆ. ಅಂದಕ್ಕೆಂದು ದೀಪದ ಮೇಲೆ ಕಪ್ಪು ಫಿಲ್ಮ್ ಅಂಟಿಸುವವರು ಈ ಕೆಸರನ್ನೇ ದುಡ್ಡು ಕೊಟ್ಟು ಶಾಶ್ವತವಾಗಿ ಬಳಿಸಿಕೊಳ್ಳುತ್ತಾರೆ. ಜೊತೆಗೆ, ಬ್ಯಾಟರಿ ಸತ್ತು ರಸ್ತೆಬದಿ ನಿಂತಾಗಲೂ ಹಿಂದಿನವರ ಹೆಡ್‌ಲೈಟನ್ನು ಅವರಿಗೇ ಮರಳಿಸುವ ರಿಫ್ಲೆಕ್ಟರನ್ನೂ ಮುಚ್ಚಿಬಿಡುತ್ತಾರೆ.

ಇಂಡಿಕೇಟರಿನ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ವಿಶ್ವಸಂಸ್ಥೆಯ ವಾಹನ ನಿಯಮಗಳನ್ನು ಪಾಲಿಸುವ ದೇಶಗಳಲ್ಲಿ ಹಿಂಬದಿಯ ಇಂಡಿಕೇಟರ್ ಹಳದಿ ಮಿಶ್ರಿತ ಕಿತ್ತಳೆ ಬಣ್ಣದಲ್ಲೇ ಇರಬೇಕು. ಅಮೆರಿಕದಲ್ಲಿ ಕೆಂಪೂ ಆಗಬಹುದು. ಹೀಗಾಗಿ ಅಲ್ಲಿನ ಹಲವು ಪಿಕಪ್‌ಗಳಲ್ಲಿ ಬ್ರೇಕಿಗೂ ತಿರುವಿಗೂ ಒಂದೇ ಕೆಂಪು ದೀಪ ದುಡಿಯುತ್ತದೆ. ಬ್ರೇಕ್ ಒತ್ತಿ ತಿರುಗುವಾಗ ಒಂದು ಬದಿ ಮಿನುಗುತ್ತದೆ, ಇನ್ನೊಂದು ಬದಿ ಸ್ಥಿರವಾಗಿ ಉರಿಯುತ್ತದೆ. ಒಂದು ಬದಿಯನ್ನಷ್ಟೇ ಕಂಡವರು ಏನೆಂದು ತಿಳಿಯಬೇಕು? ಬೇರೆ ಬಣ್ಣದ ಇಂಡಿಕೇಟರ್ ಇದ್ದರೆ ತಿರುಗುವಾಗ, ಲೇನ್ ಬದಲಿಸುವಾಗ ಹಿಂದಿನಿಂದ ಪೆಟ್ಟು ತಿನ್ನುವುದು ಶೇಕಡಾ 5.3ರಷ್ಟು ಕಡಿಮೆಯೆಂದು ಅಮೆರಿಕದ ಅದೇ ಹೆದ್ದಾರಿ ಸುರಕ್ಷತಾ ಆಡಳಿತ 2009ರಲ್ಲಿ ಕಂಡುಕೊಂಡಿತು.

ದೀಪ ಉರಿಯುತ್ತಿದೆಯೆಂದು ನೀವು ನಂಬಿದ್ದರೂ ನಿಜವಾಗಿ ಅದು ಆರಿರುವ ಸಂದರ್ಭವೂ ಇದೆ. ಹಗಲಲ್ಲೂ ಉರಿಯುವ ಮುಂದೀಪಗಳು ರಸ್ತೆಯನ್ನು ಅಷ್ಟಿಷ್ಟು ಬೆಳಗುತ್ತವೆ, ಡ್ಯಾಶ್‌ಬೋರ್ಡ್ ಸದಾ ಬೆಳಗಿರುತ್ತದೆ. ಮಬ್ಬು ಮಳೆಯಲ್ಲಿ ಚಾಲಕರು ಸ್ವಿಚ್ ಒತ್ತುವುದನ್ನೇ ಮರೆತು ಹಿಂಬದಿಯಲ್ಲಿ ಪೂರ್ತಿ ಕತ್ತಲು ಹೊತ್ತು ಸಾಗುತ್ತಾರೆ. ಕೆನಡಾ ಇದಕ್ಕೆ ನಿಯಮವನ್ನೇ ತಂದಿದೆ: 2021ರ ಸೆಪ್ಟೆಂಬರಿನಿಂದ ತಯಾರಾದ ವಾಹನಗಳಲ್ಲಿ ಹಗಲು ದೀಪಗಳ ಜೊತೆಗೆ ಟೇಲ್ ಲೈಟೂ ಉರಿಯಬೇಕು, ಅಥವಾ ಕತ್ತಲಾದಾಗ ಎಲ್ಲ ದೀಪಗಳೂ ತಾವಾಗಿ ಹೊತ್ತಿಕೊಳ್ಳಬೇಕು, ಅಥವಾ ದೀಪ ಹಾಕುವವರೆಗೆ ಡ್ಯಾಶ್‌ಬೋರ್ಡ್ ಕತ್ತಲಾಗಿಯೇ ಇರಬೇಕು. ಸ್ವಿಚ್ಚಿನಲ್ಲಿ ಆಟೊ ಎಂಬ ಸ್ಥಾನವಿದ್ದರೂ ಮಂಜಿನಲ್ಲಿ, ಹಗಲ ಮಳೆಯಲ್ಲಿ ಅದನ್ನು ನಂಬಿ ಕೂರಬಾರದು, ಏಕೆಂದರೆ ಅದರ ಸಂವೇದಕ ಅಳೆಯುವುದು ಬೆಳಕನ್ನೇ ಹೊರತು ಮಂಜನ್ನಲ್ಲ.

ಹಾಗಾಗಿ ದೀಪ ಬದಲಿಸುವ ಮೊದಲು ಒಂದು ಸಂಜೆ ಹೀಗೆ ಪರೀಕ್ಷಿಸಿ. ಖಾಲಿ ವಾಹನವನ್ನಲ್ಲ, ಸರಕು ತುಂಬಿದ, ಟ್ರೇಲರ್ ಎಳೆಯುವ ರೂಢಿಯಿದ್ದರೆ ಅದನ್ನೂ ಕಟ್ಟಿದ ವಾಹನವನ್ನು ಬಯಲಲ್ಲಿ ನಿಲ್ಲಿಸಿ, ಟೇಲ್ ಲೈಟ್ ಉರಿಸಿಟ್ಟುಕೊಂಡೇ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ. ಟೇಲ್ ಲೈಟ್ ಆರಿಸಿ ನೋಡಿದರೆ ಎಲ್ಲ ಬ್ರೇಕ್ ದೀಪವೂ ಚೆನ್ನಾಗಿಯೇ ಕಾಣುತ್ತದೆ, ಅದರಿಂದ ಏನೂ ತಿಳಿಯದು. ನಲವತ್ತು ಹೆಜ್ಜೆ ಹಿಂದೆ ನಿಂತು, ಆಮೇಲೆ ಎಡಕ್ಕೂ ಬಲಕ್ಕೂ ನಡೆದು, ಕೊನೆಗೆ ಸಣ್ಣ ಕಾರಿನ ಚಾಲಕರ ಕಣ್ಣಿನ ಎತ್ತರಕ್ಕೆ ಬಗ್ಗಿ ನೋಡಿ. ಒಂದು ಬದಿಯ ದೀಪ ಸತ್ತಿದ್ದರೆ ಅದನ್ನು ನಾಳೆಗೆ ತಳ್ಳಬೇಡಿ: ರಾತ್ರಿ ನಾವು ಮುಂದಿನ ವಾಹನದ ದೂರವನ್ನು ಬಹುಪಾಲು ಅದರ ಎರಡು ದೀಪಗಳ ನಡುವಿನ ಅಂತರದಿಂದಲೇ ಅಳೆಯುತ್ತೇವೆ, ಒಂಟಿ ದೀಪದ ಪಿಕಪ್ ದೂರದಿಂದ ಬೈಕಿನಂತೆ ಕಾಣುತ್ತದೆ.

ಬದಲಿಸಲೇಬೇಕಾಗಿ ಬಂದರೆ, ಹೆಚ್ಚಿನ ಪಿಕಪ್‌ಗಳಲ್ಲಿ ಟೇಲ್‌ಗೇಟ್ ತೆರೆದು ಮೂಲೆಗಂಬದ ಒಳಬದಿಯ ಎರಡು ಸ್ಕ್ರೂ ಬಿಚ್ಚಿದರೆ ಇಡೀ ದೀಪ ನೇರ ಹಿಂದಕ್ಕೆ ಕಳಚಿ ಬರುತ್ತದೆ. ತಂತಿ ಬಲ್ಬಿನದಾದರೆ ಬಲ್ಬು ಬದಲಿಸಿದರೆ ಮುಗಿಯಿತು; ಮುಚ್ಚಿದ ಎಲ್‌ಇಡಿ ದೀಪವಾದರೆ ಸಾಮಾನ್ಯವಾಗಿ ಇಡೀ ಘಟಕವನ್ನೇ ಬದಲಿಸಬೇಕಾಗುತ್ತದೆ, ಮತ್ತು ಕೆಲವು ಮಾದರಿಗಳಲ್ಲಿ ಪಕ್ಕದ ಲೇನನ್ನು ಕಾಯುವ ರಾಡಾರ್ ಕೂಡ ಅದರೊಳಗೇ ಇರುತ್ತದೆ. ಗಾಜಿನ ಒಳಮೈಯಲ್ಲಿ ಬೆಳಗಿನ ಹೊತ್ತು ಇಬ್ಬನಿಯಂಥ ತೇವ ಕಂಡು ಮಧ್ಯಾಹ್ನದೊಳಗೆ ಆರಿದರೆ ಚಿಂತೆಯಿಲ್ಲ. ತಳದಲ್ಲಿ ನೀರು ನಿಂತು ತುಳುಕುತ್ತಿದ್ದರೆ ಸೀಲು ಹೋಗಿದೆ ಎಂದರ್ಥ, ಆ ದೀಪ ಇಂದು ಉರಿಯುತ್ತಿದ್ದರೂ ಇಂದೇ ತೋರಿಸಿ.