ವೇಪ್ ಎಳೆಯುವ ಹುಡುಗ ಮುಂದೆ ಸಿಗರೇಟಿಗೆ ಹೋಗುತ್ತಾನೆಯೇ?

ಪ್ರಶ್ನೆ: ಮಗ ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಾನೆ. ರಜೆಗೆ ಉಡುಪಿಗೆ ಬಂದಾಗ ಅವನ ಬ್ಯಾಗಿನಲ್ಲಿ ಹೈಲೈಟರ್ ಪೆನ್ನಿನಂಥ, ಮಾವಿನಹಣ್ಣಿನ ಪರಿಮಳದ ವಸ್ತು ಸಿಕ್ಕಿತು. "ಇದರಲ್ಲಿ ತಂಬಾಕೇ ಇಲ್ಲಮ್ಮ, ಬರೀ ಫ್ಲೇವರ್" ಅನ್ನುತ್ತಾನೆ. ಇದು ಸಿಗರೇಟಿಗೆ ದಾರಿಯಾಗುತ್ತದೆಯೇ?

ಉತ್ತರ: ನೀವು ಹೇಳುತ್ತಿರುವುದು ವೇಪ್, ಅಂದರೆ ಇ-ಸಿಗರೇಟು. ಅದರಲ್ಲಿ ತಂಬಾಕಿನ ಎಲೆ ಇಲ್ಲ ಅನ್ನುವುದು ನಿಜ. ಆದರೆ ತಂಬಾಕಿನ ಚಟ ಹತ್ತಿಸುವ ನಿಕೋಟಿನ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. 'ನಿಕೋಟಿನ್ ರಹಿತ' ಎಂದು ಬರೆದ ದ್ರವಗಳಲ್ಲೂ ಪರೀಕ್ಷೆ ಮಾಡಿದಾಗ ಅದು ಸಿಕ್ಕಿದ್ದುಂಟು.

ಪೆನ್ನಿನೊಳಗೆ ಇರುವುದಿಷ್ಟೇ: ಲಿಥಿಯಂ ಬ್ಯಾಟರಿ, ತಂತಿಯ ಸುರುಳಿ, ಅದಕ್ಕೆ ತಾಗಿಕೊಂಡ ಹತ್ತಿ, ಹತ್ತಿ ಹೀರಿದ ದ್ರವ. ಎಳೆದಾಗ ಸುರುಳಿ ಕಾದು ದ್ರವ ಮಂಜಾಗುತ್ತದೆ. ಇದು ನೀರಾವಿಯಲ್ಲ, ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳದ ರಾಸಾಯನಿಕ ಮತ್ತು ನಿಕೋಟಿನ್ ಸೇರಿದ ಹನಿಗಳು. ದ್ರವ ಮುಗಿಯುತ್ತ ಬಂದು ಹತ್ತಿ ಒಣಗಿದರೆ ಸುಟ್ಟ ರುಚಿ ಬರುತ್ತದೆ, ಫಾರ್ಮಾಲ್ಡಿಹೈಡ್, ಅಕ್ರೋಲಿನ್ ಎಂಬ ವಿಷಕಾರಿ ವಸ್ತುಗಳು ಹೆಚ್ಚಾಗುತ್ತವೆ. ಸುರುಳಿಯಲ್ಲಿರುವ ನಿಕ್ಕಲ್, ಕ್ರೋಮಿಯಂ ಲೋಹಗಳ ಕಣಗಳೂ ಮಂಜಿನೊಂದಿಗೆ ಎದೆಗೆ ಇಳಿಯುತ್ತವೆ.

ಬೀಡಿ ಕಟ್ಟಿ ಕಂಪನಿಯ ಬ್ರಾಂಚಿಗೆ ಕೊಟ್ಟ ಮನೆಗಳ ಊರು ನಮ್ಮದು, ತಂಬಾಕಿನ ಘಾಟನ್ನು ಯಾರಿಗೂ ವಿವರಿಸಬೇಕಿಲ್ಲ. ಮೊದಲ ದಮ್ಮಿಗೇ ಕೆಮ್ಮು ಹತ್ತಿ ಬಿಟ್ಟವರು ಎಷ್ಟೋ ಜನ. ವೇಪ್ ಈ ತಡೆಯನ್ನೇ ತೆಗೆದುಹಾಕಿದೆ. ನಿಕೋಟಿನ್‌ಗೆ ಬೆಂಜೋಯಿಕ್ ಆಮ್ಲ ಬೆರೆಸಿ ಲವಣ ಮಾಡಿದರೆ ಗಂಟಲು ಉರಿಯುವುದಿಲ್ಲ, ಹಾಗಾಗಿ ಎಷ್ಟು ಎಳೆದೆ ಎಂಬ ಲೆಕ್ಕವೂ ಸಿಗುವುದಿಲ್ಲ. ಮೇಲೆ 5% ಎಂದು ಬರೆದಿದ್ದರೆ ಒಂದು ಮಿಲಿಲೀಟರಿಗೆ ಸುಮಾರು 50 ಮಿಲಿಗ್ರಾಂ ನಿಕೋಟಿನ್. 2 ಮಿಲಿಲೀಟರ್ ತುಂಬಿದ್ದರೆ 100. ಒಂದು ಸಿಗರೇಟಿನಿಂದ ರಕ್ತಕ್ಕೆ ಸೇರುವುದು 1ರಿಂದ 1.5 ಮಿಲಿಗ್ರಾಂ. ವೇಪಿನದ್ದು ಅರ್ಧ ಮಾತ್ರ ಒಳಗೆ ಹೋಯಿತೆಂದರೂ 20 ಸಿಗರೇಟಿನ ಪ್ಯಾಕನ್ನು ಮೀರುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಹೆಚ್ಚು ಇರುವಂತಿಲ್ಲ.

ಈಗ ನಿಮ್ಮ ಪ್ರಶ್ನೆಗೆ. 2017ರಲ್ಲಿ ಅಮೆರಿಕದ ಒಂಬತ್ತು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಎಂದೂ ಸಿಗರೇಟು ಸೇದದೆ ವೇಪ್ ಮಾತ್ರ ಮುಟ್ಟಿದ್ದ ಹದಿಹರೆಯದವರು ಮತ್ತು ಯುವಕರಲ್ಲಿ ಮುಂದೆ ಸಿಗರೇಟು ಶುರುಮಾಡಿದವರು 30.4%, ವೇಪನ್ನೂ ಮುಟ್ಟದವರಲ್ಲಿ 7.9%. ಸಾಹಸದ ಸ್ವಭಾವದ ಹುಡುಗರು ಎರಡನ್ನೂ ಮುಟ್ಟುತ್ತಾರೆ, ವೇಪನ್ನೇ ಏಕೆ ದೂರಬೇಕು ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳೂ ಇದೆ. ಅಲ್ಲಿನ ಹೈಸ್ಕೂಲುಗಳಲ್ಲಿ 2011ರಿಂದ 2019ರೊಳಗೆ ವೇಪ್ 1.5%ರಿಂದ 27.5%ಕ್ಕೆ ಏರಿದಾಗ ಸಿಗರೇಟು 15.8%ರಿಂದ 5.8%ಕ್ಕೆ ಇಳಿಯಿತು. ಆದರೆ ಮನೆಯ ಸ್ವಭಾವ, ಗೆಳೆಯರ ಪ್ರಭಾವ ಇತ್ಯಾದಿಗಳನ್ನು ಲೆಕ್ಕದಿಂದ ಕಳೆದ ಮೇಲೂ ಒಬ್ಬೊಬ್ಬ ಹುಡುಗನ ಮಟ್ಟದಲ್ಲಿ ವೇಪ್ ಮುಟ್ಟಿದವರ, ಮುಟ್ಟದವರ ನಡುವಿನ ಆ ಅಂತರ ಪೂರ್ತಿ ಅಳಿಯಲಿಲ್ಲ.

ನಮ್ಮಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. 2019ರ ಕಾಯ್ದೆಯ ಪ್ರಕಾರ ದೇಶದಲ್ಲಿ ಇ-ಸಿಗರೇಟು ಮಾರುವುದೇ ಅಪರಾಧ, ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಾಗಾಗಿ ಅದು ಕದ್ದುಮುಚ್ಚಿ ಸಿಗುವ ದುಬಾರಿ ಮಾಲು. ಅದು ಖಾಲಿಯಾದ ದಿನ, ಕೈಯಲ್ಲಿ ದುಡ್ಡಿಲ್ಲದಾಗ, ನಿಕೋಟಿನ್ ಚಟ ಹತ್ತಿದ ಹುಡುಗನ ಕಣ್ಣು ಹೋಗುವುದು ಬಸ್ ಸ್ಟ್ಯಾಂಡಿನ ಗೂಡಂಗಡಿಯ ಕಡೆಗೆ. ಬಿಡಿ ಸಿಗರೇಟು ಮಾರಬಾರದು, 21 ತುಂಬದವರಿಗೆ ಕೊಡಬಾರದು ಎಂಬ ನಿಯಮ ರಾಜ್ಯದಲ್ಲಿದೆ. ಪಾಲಿಸುವವರೆಷ್ಟು ಎಂಬುದು ನಿಮಗೂ ಗೊತ್ತು.

'ಸಿಗರೇಟಿಗಿಂತ ವಾಸಿ' ಎಂಬ ವಾದ ಇಪ್ಪತ್ತು ವರ್ಷ ಸೇದಿದವನು ಪೂರ್ತಿ ಬದಲಿಸಿಕೊಂಡಾಗ ಹೇಳುವಂಥದ್ದು. ಏನನ್ನೂ ಸೇದದ ಹುಡುಗನಿಗೆ ಹೋಲಿಕೆ ಮಾಡಬೇಕಾದ್ದು ಶುದ್ಧ ಗಾಳಿಯ ಜೊತೆ.

ಹೊಡೆದು ಬೈದರೆ ವೇಪ್ ಹಾಸ್ಟೆಲಿನಲ್ಲಿ ಉಳಿಯುತ್ತದೆ, ಮಾತು ನಿಲ್ಲುತ್ತದೆ. ಬದಲಿಗೆ ಎರಡು ವಿಷಯ ಕೇಳಿ: ಎದ್ದು ಅರ್ಧ ಗಂಟೆಯೊಳಗೆ ಬೇಕೆನಿಸುತ್ತದೆಯೇ? ಸಿಗದಿದ್ದರೆ ಸಿಡುಕು, ಓದಿನಲ್ಲಿ ಗಮನವಿಲ್ಲದಂತಾಗುತ್ತದೆಯೇ? ಹೌದಾದರೆ ಅದು ಚಟ. ಬಿಟ್ಟ ಮೇಲೆ ಎರಡು ಮೂರನೇ ದಿನ ಅತಿ ಕಷ್ಟ, ಎರಡರಿಂದ ನಾಲ್ಕು ವಾರದಲ್ಲಿ ತಗ್ಗುತ್ತದೆ. ಪರೀಕ್ಷೆಯ ವಾರದಲ್ಲಿ ಬಿಡಿಸಲು ಹೊರಡಬೇಡಿ, ರಜೆಯೇ ಒಳ್ಳೆಯ ಸಮಯ. ಆಸೆ ಕೆರಳಿದಾಗ ಐದು ಹತ್ತು ನಿಮಿಷ ತಳ್ಳಿದರೆ ಸಾಕು: ನೀರು ಕುಡಿಯಲಿ, ಅಂಗಳಕ್ಕೆ ಹೋಗಿ ಬರಲಿ. ನಿಕೋಟಿನ್ ಚೂಯಿಂಗ್ ಗಮ್ಮನ್ನು ಮೆಡಿಕಲ್‌ನಿಂದ ನೀವೇ ತಂದುಕೊಡಬೇಡಿ, ಈ ವಯಸ್ಸಿಗೆ ವೈದ್ಯರೇ ನಿರ್ಧರಿಸಲಿ. ಉಡುಪಿಯಲ್ಲಾದರೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಮಂಗಳೂರಿನಲ್ಲಾದರೆ ವೆನ್ಲಾಕ್. ತಂಬಾಕು ಬಿಡಿಸುವ ಉಚಿತ ಸಹಾಯವಾಣಿ 1800-11-2356.

ಆ ವಸ್ತುವನ್ನು ಒಡೆದು ನೋಡಬೇಡಿ. ದ್ರವ ಚರ್ಮದ ಮೂಲಕವೂ ಒಳಗೆ ಸೇರುತ್ತದೆ. ಸಣ್ಣ ಮಗುವಿನ ಬಾಯಿಗೆ ಹೋದರೆ ವಾಂತಿ ಬರಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಬಚ್ಚಲ ಒಲೆಗೆ ಹಾಕಿದರೆ ಬ್ಯಾಟರಿ ಸಿಡಿಯುತ್ತದೆ, ಹಸಿ ಕಸಕ್ಕೂ ಬೇಡ. ಕವರಿನಲ್ಲಿ ಕಟ್ಟಿ ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿ ಕೊಡಿ.